ಪದ ಪರಿಚಯ: ಡಿ1354, ಹುಳುಕನ್ನು ತಡೆದು ನಿಲ್ಲಿಸುವ ಮದ್ದಿನ ಕೋಡ್

ಹಲ್ಲು ಕೊಳೆಯುವುದಕ್ಕೆ ಕನ್ನಡದಲ್ಲಿ ‘ಹುಳುಕು’ ಎನ್ನುತ್ತೇವೆ. ಹಲ್ಲಿನೊಳಗೆ ಹುಳ ಕೂತು ಕೊರೆಯುತ್ತದೆ ಎಂಬ ಹಳೆಯ ನಂಬಿಕೆ ಆ ಪದದಲ್ಲಿ ಇನ್ನೂ ಉಳಿದಿದೆ. ಹುಳವೇನೂ ಇಲ್ಲ, ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ, ಆ ಆಮ್ಲ ಹಲ್ಲಿನ ಖನಿಜಾಂಶವನ್ನು ಕರಗಿಸುತ್ತದೆ. ಆದರೆ ಹುಳ ಹೋದರೂ ಹುಳವಿದ್ದ ಕಾಲದ ತರ್ಕ ಹೋಗಲಿಲ್ಲ: ಹುಳುಕು ಕಂಡರೆ ಕೊರೆದು ತೆಗೆಯಬೇಕು, ತೆಗೆದ ಜಾಗಕ್ಕೆ ಏನನ್ನಾದರೂ ತುಂಬಬೇಕು. ದಂತವೈದ್ಯರು ಕೂಡ ಬಹುಕಾಲ ಹಾಗೆಯೇ ನಡೆದುಕೊಂಡು ಬಂದರು. ಹುಳುಕನ್ನು ಕೊರೆಯದೆ, ಇದ್ದಲ್ಲಿಯೇ ತಡೆದು ನಿಲ್ಲಿಸುವುದೂ ಒಂದು ಚಿಕಿತ್ಸೆಯೇ ಎಂಬುದು ಅಮೆರಿಕದ ದಂತ ವಿಮೆಯ ಕಾಗದಪತ್ರಗಳಲ್ಲಿ ಮೊದಲು ಅಧಿಕೃತವಾಗಿ ದಾಖಲಾದದ್ದು 2016ರ ಜನವರಿಯಲ್ಲಿ, ಡಿ1354 ಎಂಬ ಐದಕ್ಷರದ ಕೋಡಿನ ರೂಪದಲ್ಲಿ.

ಅಮೆರಿಕದಲ್ಲಿ ದಂತವೈದ್ಯರು ಮಾಡುವ ಪ್ರತಿಯೊಂದು ಕೆಲಸಕ್ಕೂ ಒಂದು ಕೋಡ್ ಇದೆ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಇವುಗಳ ಪಟ್ಟಿಯನ್ನು 1969ರಲ್ಲಿ ಮೊದಲು ಪ್ರಕಟಿಸಿತು. ಇಂದು ಅದನ್ನು ಎಲ್ಲರೂ ಸಿಡಿಟಿ ಎಂದೇ ಕರೆಯುತ್ತಾರೆ. 2000ದಲ್ಲಿ ಅಲ್ಲಿನ ಕೇಂದ್ರ ಸರ್ಕಾರವು ಆರೋಗ್ಯ ವಿಮೆಯ ಮಾಹಿತಿಗೆ ಸಂಬಂಧಿಸಿದ ಹಿಪಾ ಕಾಯ್ದೆಯಡಿ ಈ ಪಟ್ಟಿಯನ್ನೇ ಮಾನಕವೆಂದು ಗೊತ್ತುಪಡಿಸಿತು. ಹಾಗಾಗಿ ಕ್ಲೇಮನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಕಳುಹಿಸುವ ದಂತವೈದ್ಯರಿಗೂ ಅದನ್ನು ಪಡೆಯುವ ವಿಮಾ ಕಂಪನಿಗೂ ಬೇರೆ ಭಾಷೆಯಿಲ್ಲ. ಪ್ರತಿ ಕೋಡ್ ‘ಡಿ’ ಅಕ್ಷರದಿಂದ ಆರಂಭವಾಗಿ ನಾಲ್ಕು ಅಂಕಿಗಳಲ್ಲಿ ಮುಗಿಯುತ್ತದೆ. ಮೊದಲ ಅಂಕಿ ಸೊನ್ನೆಯಾದರೆ ತಪಾಸಣೆ, ಒಂದಾದರೆ ರೋಗ ಬಾರದಂತೆ ತಡೆಯುವ ಕೆಲಸ, ಎರಡಾದರೆ ಹಲ್ಲು ತುಂಬುವುದು ಮತ್ತು ಕ್ಯಾಪ್ ಹಾಕುವುದು, ಮೂರಾದರೆ ರೂಟ್ ಕೆನಾಲ್. ದವಡೆ ಹಲ್ಲಿನ ಒಂದೇ ಮುಖಕ್ಕೆ ಬಿಳಿ ಸಿಮೆಂಟು ತುಂಬಿದರೆ ಡಿ2391, ಎರಡು ಮುಖಗಳಿಗಾದರೆ ಡಿ2392 ಎಂಬಷ್ಟು ಸೂಕ್ಷ್ಮವಾದ ವಿಂಗಡಣೆ ಇದು.

ಈಗ ಡಿ1354 ಹೇಳುವುದೇನು ಎಂದು ನೋಡೋಣ. ಸಕ್ರಿಯವಾಗಿರುವ, ಆದರೆ ನೋವಿನಂಥ ಲಕ್ಷಣಗಳನ್ನು ತೋರದ ಹುಳುಕಿನ ಮೇಲೆ, ಹಲ್ಲಿನ ಗಟ್ಟಿ ಭಾಗವನ್ನು ಉಪಕರಣದಿಂದ ತೆಗೆಯದೆ, ಹುಳುಕನ್ನು ನಿಲ್ಲಿಸುವ ಅಥವಾ ಕುಗ್ಗಿಸುವ ಮದ್ದನ್ನು ಹಚ್ಚುವುದು ಎಂಬುದು ಅದರ ವಿವರಣೆಯ ತಾತ್ಪರ್ಯ. ಇದರಲ್ಲಿ ಒಂದೊಂದು ಪದಕ್ಕೂ ತೂಕವಿದೆ. ‘ಸಕ್ರಿಯ’ ಎಂದರೆ ಹುಳುಕು ಮುಂದುವರಿಯುತ್ತಿರಬೇಕು. ಆಗಲೇ ನಿಂತುಹೋಗಿರುವ ಹಳೆಯ ಕಪ್ಪು ಕಲೆಗೆ ಇದು ಸಲ್ಲುವುದಿಲ್ಲ. ‘ಲಕ್ಷಣ ತೋರದ’ ಎಂದರೆ ರಾತ್ರಿ ನಿದ್ದೆಗೆಡಿಸುವ ನೋವಿರುವ ಹಲ್ಲು ಈ ಕೋಡಿನ ವ್ಯಾಪ್ತಿಗೆ ಬರುವುದಿಲ್ಲ, ಏಕೆಂದರೆ ಅಲ್ಲಿ ಸೋಂಕು ಹಲ್ಲಿನ ಒಳಗಿನ ನರದವರೆಗೆ ತಲುಪಿರುವ ಸಾಧ್ಯತೆಯಿದೆ. ಮದ್ದಿನ ಹೆಸರನ್ನು ಮಾತ್ರ ಕೋಡ್ ಎಲ್ಲಿಯೂ ಹೇಳುವುದಿಲ್ಲ. ಕೋಡುಗಳು ಕೆಲಸವನ್ನು ಗುರುತಿಸುತ್ತವೆಯೇ ಹೊರತು ಸಾಮಗ್ರಿಯ ಬ್ರ್ಯಾಂಡನ್ನಲ್ಲ.

ಆದರೂ ಈ ಕೋಡ್ ಹುಟ್ಟಿದ್ದು ಯಾವ ಮದ್ದಿನಿಂದ ಎಂಬುದು ಗುಟ್ಟೇನಲ್ಲ. ಸಿಲ್ವರ್ ಡೈಅಮೈನ್ ಫ್ಲೋರೈಡ್, ಚಿಕ್ಕದಾಗಿ ಎಸ್‌ಡಿಎಫ್, ಜಪಾನಿನಲ್ಲಿ ದಶಕಗಳಿಂದ ಬಳಕೆಯಲ್ಲಿದ್ದ ದ್ರಾವಣ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2014ರಲ್ಲಿ ಇದಕ್ಕೆ ಅನುಮತಿ ಕೊಟ್ಟದ್ದು ತಣ್ಣನೆಯ ನೀರು ತಗುಲಿದರೆ ಹಲ್ಲು ಜುಮ್ಮೆನ್ನುವ ತೊಂದರೆಗೆ. ಹುಳುಕಿಗೆ ಅದನ್ನು ಬಳಸುವುದು ವೈದ್ಯರ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. ಇದರಲ್ಲಿರುವ ಬೆಳ್ಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಫ್ಲೋರೈಡು ಮೆದುವಾದ ಹಲ್ಲು ಮತ್ತೆ ಗಟ್ಟಿಯಾಗಲು ನೆರವಾಗುತ್ತದೆ. ಕೋಲಾರ, ಪಾವಗಡದ ಕಡೆಯವರಿಗೆ ಫ್ಲೋರೈಡ್ ಎಂದೊಡನೆ ಕೊಳವೆಬಾವಿಯ ನೀರು ಕುಡಿದು ಕಂದುಗಟ್ಟಿದ ಹಲ್ಲು, ಬಾಗಿದ ಕಾಲು ನೆನಪಾಗುವುದು ಸಹಜ. ಅದು ವರ್ಷಗಟ್ಟಲೆ ಪ್ರತಿದಿನ ಹೊಟ್ಟೆಗೆ ಹೋದ ಫ್ಲೋರೈಡಿನ ಪರಿಣಾಮ. ಇಲ್ಲಿ ಬಳಸುವುದು ಹುಳುಕಿನ ಮೇಲೆ ಹಚ್ಚುವ ಒಂದೆರಡು ಹನಿ.

ಹಚ್ಚುವ ಕೆಲಸವಾದರೋ ನಿಮಿಷಗಳದ್ದು. ಹಲ್ಲನ್ನು ಹತ್ತಿಯುಂಡೆಯಿಂದ ಒರೆಸಿ ಒಣಗಿಸಿ, ಮದ್ದು ತಾಗದಂತೆ ತುಟಿ ಮತ್ತು ಒಸಡಿಗೆ ವ್ಯಾಸಲೀನ್ ಸವರಿ, ಪುಟ್ಟ ಕುಂಚದ ತುದಿಯಲ್ಲಿ ಹನಿಯಷ್ಟು ದ್ರಾವಣ ತೆಗೆದುಕೊಂಡು ಕುಳಿಗೆ ಒತ್ತಿ ಹಚ್ಚುತ್ತಾರೆ. ಇಂಜೆಕ್ಷನ್ ಇಲ್ಲ, ಡ್ರಿಲ್ಲಿನ ಸದ್ದಿಲ್ಲ. ಬಾಯಲ್ಲಿ ಲೋಹದ ರುಚಿ ಸ್ವಲ್ಪ ಹೊತ್ತು ಉಳಿಯುತ್ತದೆ. ಕುಳಿ ಕಪ್ಪಗಾಗುತ್ತದೆ, ಮತ್ತು ಕಪ್ಪಗೇ ಉಳಿಯುತ್ತದೆ. ಗಟ್ಟಿಯಾಗಿರುವ ಬಿಳಿ ಎನಾಮಲ್ ಮಾತ್ರ ಬಣ್ಣ ಬದಲಿಸುವುದಿಲ್ಲ. ಎದುರಿನ ಹಲ್ಲಾದರೆ ತಂದೆತಾಯಿಗಳು ಹಿಂಜರಿಯುವುದು ಈ ಕಪ್ಪಿಗಾಗಿಯೇ. ಕುರ್ಚಿಯಲ್ಲಿ ಕೂರಲೊಪ್ಪದ ಮೂರು ವರ್ಷದ ಮಗುವಿಗೆ, ಇಲ್ಲವೇ ಹಾಸಿಗೆ ಹಿಡಿದ ವೃದ್ಧರಿಗೆ ಇದು ವರವೇ ಸರಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಕೋಡ್ ಹುಟ್ಟಿದ ಮೇಲೆ ಅದರ ಶೀರ್ಷಿಕೆಯಲ್ಲಿ ಆದ ಎರಡು ಬದಲಾವಣೆಗಳು ನನಗೆ ಇಡೀ ಪ್ರಕರಣದಲ್ಲಿ ಹೆಚ್ಚು ಕುತೂಹಲಕರವಾಗಿ ಕಾಣುತ್ತವೆ. 2016ರ ಶೀರ್ಷಿಕೆಯಲ್ಲಿ ಎಷ್ಟು ಹಲ್ಲಿಗೆ ಎಂಬ ಮಾತೇ ಇರಲಿಲ್ಲ. ಒಂದೇ ಭೇಟಿಯಲ್ಲಿ ಒಂದು ಹಲ್ಲಿಗೆ ಹಚ್ಚಿದರೂ ಆರು ಹಲ್ಲಿಗೆ ಹಚ್ಚಿದರೂ ಕೋಡನ್ನು ಒಮ್ಮೆ ಬರೆಯಬೇಕೋ ಆರು ಬಾರಿ ಬರೆಯಬೇಕೋ ಎಂಬ ಗೊಂದಲಕ್ಕೆ ಅಲ್ಲಿ ಎಡೆಯಿತ್ತು. 2018ರ ಆವೃತ್ತಿಯಲ್ಲಿ ‘ಹಲ್ಲೊಂದಕ್ಕೆ’ ಎಂಬ ಮಾತು ಸೇರಿತು, ಅಲ್ಲಿಂದ ಲೆಕ್ಕ ಹಲ್ಲಿನ ಮೇಲೆ ನಿಂತಿತು. ಎರಡನೆಯದು ಕಳೆದುಹೋದ ಪದ. ಮೊದಲು ಇದನ್ನು ‘ತಾತ್ಕಾಲಿಕ’ ಚಿಕಿತ್ಸೆ ಎಂದು ಬರೆದಿದ್ದರು. ಮುಂದಿನ ಪರಿಷ್ಕರಣೆಯೊಂದರಲ್ಲಿ ಆ ವಿಶೇಷಣವನ್ನು ಕೈಬಿಟ್ಟರು. ತಾತ್ಕಾಲಿಕ ಎಂದಾಗ ನಿಜವಾದ ಚಿಕಿತ್ಸೆ ಇನ್ನೂ ಬಾಕಿಯಿದೆ, ಕೊರೆದು ತುಂಬುವುದೇ ಕೊನೆಯ ಮಾತು ಎಂಬ ಅರ್ಥ ತಾನಾಗಿ ಬರುತ್ತದೆ. ಇನ್ನೊಂದೆರಡು ವರ್ಷದಲ್ಲಿ ಬಿದ್ದುಹೋಗುವ ಹಾಲುಹಲ್ಲಿನಲ್ಲಿ ಹುಳುಕು ನಿಂತರೆ ಸಾಕಲ್ಲವೇ? ಅಲ್ಲಿ ಬಾಕಿ ಏನೂ ಉಳಿದಿರುವುದಿಲ್ಲ. ಒಂದು ವಿಶೇಷಣ ಅಳಿಸಿದ್ದರಿಂದ ಚಿಕಿತ್ಸೆ ಬದಲಾಗಲಿಲ್ಲ, ಆದರೆ ಅದಕ್ಕೊಂದು ಸ್ವಂತ ಸ್ಥಾನ ಸಿಕ್ಕಿತು.

2021ರಲ್ಲಿ ಇದರ ಪಕ್ಕಕ್ಕೆ ಡಿ1355 ಬಂದಿತು. ಮೇಲ್ನೋಟಕ್ಕೆ ಅವಳಿಗಳಂತೆ ಕಂಡರೂ ಇವು ಬೇರೆಬೇರೆ. ಹುಳುಕು ಈಗಾಗಲೇ ಇದ್ದು ಅದನ್ನು ನಿಲ್ಲಿಸುವುದಕ್ಕೆ 1354. ಹುಳುಕು ಬಾರದಂತೆ ತಡೆಯಲು ಅಥವಾ ಖನಿಜಾಂಶ ಮರಳಿ ತುಂಬಿಕೊಳ್ಳಲು ಹಚ್ಚುವ ಮದ್ದಿಗೆ 1355. ಶಾಲಾಮಕ್ಕಳ ಇಡೀ ಬಾಯಿಗೆ ಹಚ್ಚುವ ಸಾಮಾನ್ಯ ಫ್ಲೋರೈಡ್ ಇವೆರಡಕ್ಕೂ ಸೇರದು; ವಾರ್ನಿಶ್ ರೂಪದ್ದಾದರೆ ಅದು ಡಿ1206, ಬೇರೆ ರೂಪದ್ದಾದರೆ ಡಿ1208. ದವಡೆ ಹಲ್ಲಿನ ಗೀರುಗಳನ್ನು ಮುಚ್ಚುವ ಸೀಲಂಟಿಗೆ ಡಿ1351 ಎಂಬ ಹಳೆಯ ಕೋಡ್ ಬೇರೆಯೇ ಇದೆ. 2024ರಲ್ಲಿ ಹಲ್ಲಿನ ಮುಖ್ಯ ಖನಿಜವಾದ ಹೈಡ್ರಾಕ್ಸಿಅಪಟೈಟ್ ಮತ್ತೆ ಕಟ್ಟಿಕೊಳ್ಳಲು ನೆರವಾಗುವ ಮದ್ದಿಗೆ ಡಿ2991 ಸೇರಿತು. ಗಮನಿಸಬೇಕಾದದ್ದು, ಅದೂ ಹಚ್ಚುವ ಮದ್ದೇ ಆದರೂ ಅದನ್ನು ತುಂಬುವ ಕೆಲಸಗಳ ಎರಡರ ಸಾಲಿನಲ್ಲಿ ಇಟ್ಟಿದ್ದಾರೆ.

ಸಾಲು ಯಾವುದು ಎಂಬುದರಲ್ಲಿ ಹಣದ ಪ್ರಶ್ನೆಯೂ ಅಡಗಿದೆ. ಅಮೆರಿಕದ ಎಷ್ಟೋ ದಂತ ವಿಮಾ ಯೋಜನೆಗಳು ತಡೆಯುವ ಕೆಲಸಕ್ಕೆ ಪೂರ್ತಿ, ತುಂಬುವುದಕ್ಕೆ ಶೇ. 80, ಕ್ಯಾಪಿನಂಥ ದೊಡ್ಡ ಕೆಲಸಕ್ಕೆ ಶೇ. 50 ಎಂಬ ಮೆಟ್ಟಿಲುಗಳಲ್ಲಿ ಪಾವತಿಸುತ್ತವೆ. ಡಿ1354 ಒಂದರ ಸಾಲಿನಲ್ಲಿದೆ, ನಿಜ; ಆದರೆ ಕೋಡ್ ಇದೆಯೆಂದ ಮಾತ್ರಕ್ಕೆ ವಿಮೆ ಹಣ ಕೊಡಲೇಬೇಕೆಂದಿಲ್ಲ. ಕೋಡ್ ಹೇಳುವುದು ಏನು ಮಾಡಲಾಯಿತು ಎಂಬುದನ್ನು ಮಾತ್ರ. ಯಾವ ವಯಸ್ಸಿನವರಿಗೆ, ಒಂದು ಹಲ್ಲಿಗೆ ಎಷ್ಟು ಬಾರಿ, ಅದೇ ಹಲ್ಲನ್ನು ಕೆಲವೇ ತಿಂಗಳಲ್ಲಿ ತುಂಬಿದರೆ ಮೊದಲು ಕೊಟ್ಟ ಹಣವನ್ನು ಕಳೆಯಬೇಕೇ ಎಂಬುದನ್ನೆಲ್ಲ ಆಯಾ ಯೋಜನೆ ನಿರ್ಧರಿಸುತ್ತದೆ. ಬಡವರಿಗಾಗಿ ಇರುವ ಮೆಡಿಕೇಡ್‌ನಲ್ಲಿ ಆಯಾ ರಾಜ್ಯ ನಿರ್ಧರಿಸುತ್ತದೆ. ಸಿಡಿಟಿ ಪಟ್ಟಿ ಈಗ ಪ್ರತಿ ವರ್ಷ ಜನವರಿ 1ರಂದು ಹೊಸದಾಗುವುದರಿಂದ, ಡಿಸೆಂಬರಿನಲ್ಲಿ ಸರಿಯಾಗಿದ್ದ ಕೋಡ್ ಮರುತಿಂಗಳ ಕ್ಲೇಮಿನಲ್ಲಿ ತಿರಸ್ಕೃತವಾಗುವುದೂ ಉಂಟು.

ದಂತವೈದ್ಯರಲ್ಲದವರ ಕಥೆ ಇನ್ನೂ ಬೇರೆ. ಮಕ್ಕಳ ವೈದ್ಯರೋ ಇತರ ಆರೋಗ್ಯ ವೃತ್ತಿಪರರೋ ಇದೇ ದ್ರಾವಣ ಹಚ್ಚಿದರೆ ವೈದ್ಯಕೀಯ ವಿಮೆಯ ಕಡೆಗೆ ಬೇರೆ ಕೋಡ್ ಬೇಕಾಗುತ್ತದೆ. ಅದಕ್ಕಾಗಿ 0792ಟಿ ಎಂಬುದು 2024ರ ಜನವರಿಯಿಂದ ಜಾರಿಗೆ ಬಂದಿದೆ. ಕೊನೆಯ ‘ಟಿ’ ಅಕ್ಷರ ಇದು ಹೊಸ ವಿಧಾನಗಳಿಗೆ ಕೊಡುವ ತಾತ್ಕಾಲಿಕ ಕೋಡ್ ಎಂಬುದರ ಗುರುತು. ದಂತವೈದ್ಯರ ಕೋಡಿನಿಂದ ಕಳಚಿದ ವಿಶೇಷಣ ಇಲ್ಲಿ ಬಂದು ಕೂತಂತಾಗಿದೆ!

ಅಮೆರಿಕದಲ್ಲಿರುವ ನಮ್ಮವರು ಮಗುವಿನ ಚಿಕಿತ್ಸೆಯ ಬಳಿಕ ವಿಮಾ ಕಂಪನಿಯಿಂದ ಬರುವ ವಿವರಣಾ ಪತ್ರವನ್ನು ತೆರೆದಾಗ ‘ಡಿ1354, ಕೆ’ ಎಂಬ ಸಾಲು ಕಾಣಬಹುದು. ಆ ಪತ್ರ ಬಿಲ್ಲಲ್ಲ, ಕಂಪನಿ ಎಷ್ಟು ಕೊಟ್ಟಿತು ಎಂಬ ಲೆಕ್ಕ. ‘ಕೆ’ ಎಂಬುದು ಹಲ್ಲಿನ ಗುರುತು: ಅಲ್ಲಿ ಹಾಲುಹಲ್ಲುಗಳಿಗೆ ಎ ಯಿಂದ ಟಿ ವರೆಗಿನ ಇಂಗ್ಲಿಷ್ ಅಕ್ಷರಗಳು, ಶಾಶ್ವತ ಹಲ್ಲುಗಳಿಗೆ 1ರಿಂದ 32ರ ಅಂಕಿಗಳು. ಕೆಳದವಡೆಯ ಎಡಬದಿಯ ಎರಡನೆಯ ಹಾಲು ದವಡೆಹಲ್ಲು ‘ಕೆ’. ರಜೆಗೆ ಊರಿಗೆ ಬಂದಾಗ ಅದೇ ಹಲ್ಲನ್ನು ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ತೋರಿಸಿದರೆ, ಅಂತರರಾಷ್ಟ್ರೀಯ ಕ್ರಮ ಅನುಸರಿಸುವ ಇಲ್ಲಿನ ದಂತವೈದ್ಯರು ಚೀಟಿಯಲ್ಲಿ 75 ಎಂದು ಬರೆಯುತ್ತಾರೆ. ಮರಳಿ ಹೋಗಿ ಆ ಚೀಟಿಯನ್ನು ಅಲ್ಲಿನ ವೈದ್ಯರಿಗೆ ಕೊಡುವ ಮುನ್ನ 75ರ ಪಕ್ಕದಲ್ಲಿ ‘ಕೆ’ ಅಕ್ಷರವನ್ನೂ ಮದ್ದು ಹಚ್ಚಿದ ತಾರೀಖನ್ನೂ ಬರೆಸಿಕೊಂಡಿದ್ದರೆ, ಮುಂದಿನ ಕ್ಲೇಮಿನಲ್ಲಿ ಯಾವ ಹಲ್ಲು ಎಂಬ ತಕರಾರು ಏಳುವುದಿಲ್ಲ.