ಖಾಲಿ ತಂತಿಯಲ್ಲಿ 230 ಇದ್ದರೇನು ಬಂತು?

ಶಿರಸಿ ಸೀಮೆಯಲ್ಲಿ ಮನೆ ಮೇಲೆ, ಅಡಿಕೆ ತೋಟ ಕೆಳಗೆ, ಹಳ್ಳ ಅದಕ್ಕೂ ಕೆಳಗೆ. ಮೀಟರ್ ಬೋರ್ಡಿನಿಂದ ಪಂಪಿನವರೆಗೆ 150 ಮೀಟರ್ ತಂತಿ ಎಳೆಯುವುದು ಇಲ್ಲಿ ಮಾಮೂಲು. ಬೇಸಿಗೆಯಲ್ಲಿ ಒಂದು ಎಚ್‌ಪಿ ಮೋಟಾರ್ ಗುಂಯ್‌ಗುಟ್ಟಿ ಏಳದಿದ್ದರೆ ಮೊದಲು ಕೆಪಾಸಿಟರ್ ಬದಲಾಗುತ್ತದೆ, ಆಮೇಲೆ ರಿವೈಂಡಿಂಗ್, ಕೊನೆಗೆ ಕರೆಂಟ್ ಕೊಡುವ ಹೆಸ್ಕಾಂಗೆ ಬೈಗುಳ. ತಂತಿಯ ಮಾತೆತ್ತಿದರೆ ಉತ್ತರ ಸಿದ್ಧ: "ಪಂಪ್ ಹತ್ತಿರವೇ ಮೀಟರ್ ಹಿಡಿದು ನೋಡಿದ್ದೇವೆ ಮಾರಾಯ್ರೆ, 230 ಬರ್ತಿದೆ."

ಆಗ ಮೋಟಾರ್ ಚಾಲೂ ಇತ್ತೇ? ಇರಲಿಲ್ಲ.

ಸ್ಪ್ರಿಂಕ್ಲರ್ ಜೆಟ್‌ಗಳನ್ನೆಲ್ಲ ಮುಚ್ಚಿಟ್ಟು ಪೈಪಿನ ಒತ್ತಡ ಅಳೆದಂತಾಯಿತು ಇದು. ತಂತಿಯಲ್ಲಿ ವೋಲ್ಟೇಜ್ ಇಳಿಯುವುದು ಕರೆಂಟ್ ಹರಿದಾಗ ಮಾತ್ರ. ಇಳಿಕೆ ಅಂದರೆ ಕರೆಂಟ್ ಗುಣಿಸು ರೋಧ (ಕರೆಂಟಿಗೆ ತಂತಿ ಒಡ್ಡುವ ತಡೆ, ಅಳೆಯುವುದು ಓಂನಲ್ಲಿ). ಕರೆಂಟ್ ಸೊನ್ನೆಯಾದರೆ ಇಳಿಕೆಯೂ ಸೊನ್ನೆ. ಕೂದಲೆಳೆಯಷ್ಟು ಸಣ್ಣ ತಂತಿಯೂ ಆಗ 230 ತೋರಿಸುತ್ತದೆ.

ಒಂದೂವರೆ ಸ್ಕ್ವೇರ್, ಅಂದರೆ ಅಡ್ಡಕೊಯ್ತ ಒಂದೂವರೆ ಚದರ ಮಿ.ಮೀ. ಇರುವ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 12 ಓಂ. ದೂರ 150 ಮೀಟರ್ ಆದರೂ ಕರೆಂಟ್ ಹೋಗಿ ಬರಬೇಕು, ಆದ್ದರಿಂದ ಲೆಕ್ಕಕ್ಕೆ 300 ಮೀಟರ್, 3.6 ಓಂ. ಮೋಟಾರ್ 7 ಆಂಪಿಯರ್ ಎಳೆದರೆ 7 × 7 × 3.6, ಅಂದರೆ 176 ವ್ಯಾಟ್ ತಂತಿ ಬಿಸಿ ಮಾಡುವುದಕ್ಕೇ ಹೋಯಿತು. ಏಳುವಾಗಿನ ಕಥೆ ಇನ್ನೂ ಕಷ್ಟದ್ದು. ಆ ಕ್ಷಣ ಐದಾರು ಪಟ್ಟು ಕರೆಂಟ್ ಬೇಕು, ಮೋಟಾರಿಗೆ ಸಿಗುವ ವೋಲ್ಟೇಜ್ 160ರ ಆಸುಪಾಸಿಗೆ ಕುಸಿಯಬಹುದು. ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಅದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಕೆಪಾಸಿಟರ್ ಏನು ಮಾಡೀತು, ಪಾಪ.

ತಂತಿಯ ರೋಧ ಅಳೆಯಲು ಮೋಟಾರ್ ಬೇಡ. ಅದರಲ್ಲಿ ವೋಲ್ಟೇಜೂ ಕರೆಂಟೂ ಒಟ್ಟಿಗೆ ಹೆಜ್ಜೆ ಹಾಕುವುದಿಲ್ಲ. ಆ ಹೆಜ್ಜೆ ಎಷ್ಟು ಕೂಡುತ್ತದೆ ಅನ್ನುವ ಅಳತೆ, ಅಂದರೆ ಪವರ್ ಫ್ಯಾಕ್ಟರ್, 0.8 ಇದ್ದರೆ ವೋಲ್ಟೇಜಿನ ಇಳಿಕೆಯನ್ನು ಕರೆಂಟಿನಿಂದ ಭಾಗಿಸಿ ಸಿಗುವ ಉತ್ತರ ಸುಮಾರು ಐದನೇ ಒಂದು ಪಾಲು ಕಡಿಮೆ ಬರುತ್ತದೆ. ಬದಲಿಗೆ ಪಂಪ್‌ಶೆಡ್ಡಿನಲ್ಲಿ ಬಕೆಟ್ ನೀರಿಗೆ 1500 ವ್ಯಾಟಿನ ಹೀಟರ್ ರಾಡ್ ಇಳಿಸಿ, ಆಮೇಲೆ ಸ್ವಿಚ್ ಹಾಕಿ. ಅರ್ಥಿಂಗ್ ಸರಿ ಇರಬೇಕು, ಬಕೆಟ್ ಮುಟ್ಟಬಾರದು, ಮಳೆ ಬರುತ್ತಿದ್ದರೆ ಈ ಕೆಲಸವೇ ಬೇಡ. ಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಎಲೆಕ್ಟ್ರಿಷಿಯನ್‌ರನ್ನೇ ಕರೆಯುವುದು ಮೇಲು. ಲೈನ್ ವೋಲ್ಟೇಜ್ ಗಳಿಗೆಗೊಂದು ಥರ ಇರುವುದರಿಂದ ಒಬ್ಬರು ಬೋರ್ಡಿನ ಹತ್ತಿರ, ಒಬ್ಬರು ಪಂಪಿನ ಹತ್ತಿರ ನಿಂತು ಫೋನಿನಲ್ಲಿ ಮಾತಾಡುತ್ತಾ ಒಂದೇ ಹೊತ್ತಿಗೆ ಓದಬೇಕು. ತೋಟದಲ್ಲಿ ಸಿಗ್ನಲ್ ಇಲ್ಲದಿದ್ದರೆ ಕೂಗು ಹಾಕಿ. ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರನ್ನು ಒಂದೇ ತಂತಿಗೆ ಹಾಕಿ. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತದೆ.

ಮನೆಯಲ್ಲಿ 220, ಪಂಪಿನಲ್ಲಿ 199.5, ಕರೆಂಟ್ 5.66 ಅನ್ನಿ. ವ್ಯತ್ಯಾಸ 20.5ನ್ನು 5.66ರಿಂದ ಭಾಗಿಸಿದರೆ 3.6 ಓಂ. ಲೆಕ್ಕಕ್ಕೆ ಸರಿ ಹೊಂದಿತು. ತಂತಿಗೆ ರೋಗವಿಲ್ಲ, ಸಣ್ಣದಾಯಿತು ಅಷ್ಟೇ. ಅದರ ಬದಲು ಪಂಪಿನಲ್ಲಿ 190, ಕರೆಂಟ್ 5.39 ಬಂದರೆ ಉತ್ತರ 5.6 ಓಂ. ಹೆಚ್ಚಿನ 2 ಓಂ ಸಾಮಾನ್ಯವಾಗಿ ಯಾವುದೋ ಜಾಯಿಂಟಿನಲ್ಲಿ ಕೂತಿರುತ್ತದೆ. ಮೋಟಾರ್ ಓಡುವಾಗ ಆ ಒಂದೇ ಗಂಟಿನಲ್ಲಿ ನೂರು ವ್ಯಾಟಿನ ಹತ್ತಿರ ಶಾಖ. ತಾಮ್ರಕ್ಕೆ ಅಲ್ಯೂಮಿನಿಯಂ ತಿರುಚಿ ಟೇಪ್ ಸುತ್ತಿದ್ದರೆ ಮೊದಲು ಅಲ್ಲೇ ನೋಡಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಕಪ್ಪಾಗಿರುತ್ತದೆ. ಅಲ್ಲಿಗೆ ಎರಡೂ ಲೋಹಕ್ಕೆ ಹೊಂದುವ ಬೈಮೆಟಲ್ ಕನೆಕ್ಟರ್ ಹಾಕಿ ಕ್ರಿಂಪ್ ಮಾಡಬೇಕು, ಅಂದರೆ ಅದುಮಿ ಬಿಗಿಯಬೇಕು, ಹೊಸ ಟೇಪ್ ಸುತ್ತಿ ಪ್ರಯೋಜನವಿಲ್ಲ.

ತಂತಿಯನ್ನೇ ಬದಲಿಸುವುದಾದರೆ ಈ ದೂರಕ್ಕೆ ಎರಡೂವರೆ ಸ್ಕ್ವೇರ್ ಅರೆಮನಸ್ಸಿನ ಕೆಲಸ, 4 ಸ್ಕ್ವೇರ್ ಹಾಕಿ. ಹಾಕಿದ ಮೇಲೆ ಅದೇ ರಾಡ್ ಇಟ್ಟು ಮತ್ತೊಮ್ಮೆ ಅಳೆಯಿರಿ. 1.4 ಓಂ ಆಸುಪಾಸು ಬರಬೇಕು.