ಅಳಿಯ ಅಂದರೆ ಯಾರು? ಕರಾವಳಿಯಲ್ಲಿ ವಂಶದ ಬೇರು ಹುಡುಕುವವರಿಗೆ

ಮಂಗಳೂರು ಕಡೆಯ ಹಳೆ ದಸ್ತಾವೇಜಿನಲ್ಲಿ ‘ಅಳಿಯ’ ಎಂಬ ಪದ ಸಿಕ್ಕರೆ ಸ್ವಲ್ಪ ನಿಂತು ಓದಬೇಕು. ಘಟ್ಟದ ಮೇಲಿನವರಿಗೆ ಅದು ಮಗಳ ಗಂಡ. ತಾಯಿಯ ಕಡೆಯಿಂದ ಹಕ್ಕು ಇಳಿದು ಬರುವ ಅಳಿಯಸಂತಾನ ಕಟ್ಟಿನ ಮನೆಯ ಕಾಗದದಲ್ಲಿ ಸಾಮಾನ್ಯವಾಗಿ ಅಕ್ಕತಂಗಿಯರ ಮಗ, ಅಂದರೆ ಆಸ್ತಿಯ ಹಕ್ಕುದಾರ. ಸೋದರಮಾವನ ಮಗಳನ್ನೇ ಮದುವೆಯಾದವನಾದರೆ ಎರಡೂ ಹೌದು. ಈ ಒಂದು ಪದ ತಪ್ಪಿದರೆ ನಿಮ್ಮ ವಂಶವೃಕ್ಷ ಇನ್ಯಾರದೋ ಮನೆಯ ಅಂಗಳದಲ್ಲಿ ಬೆಳೆಯುತ್ತದೆ. ‘ಮಗನಿದ್ದೂ ಆಸ್ತಿ ಹೊರಗಿನವನ ಪಾಲಾಯಿತು’ ಎಂದು ಮೊಮ್ಮಕ್ಕಳು ಕೊರಗುವ ಎಷ್ಟೋ ಕಥೆಗಳ ಹಿಂದೆ ಇರುವುದು ಮೋಸವಲ್ಲ, ಈ ಕಟ್ಟು.

ಹುಡುಕಲು ಹೊರಡುವವರು ಇನ್ನೊಂದು ತಪ್ಪನ್ನೂ ಮಾಡುತ್ತಾರೆ. ‘ನಾವು ಗೋವೆಯಿಂದ ಬಂದವರು’, ‘ಉತ್ತರದ ಅಹಿಚ್ಛತ್ರದಿಂದ ಬಂದವರು’ ಎಂದು ತುದಿಯಿಂದ ಶುರುಮಾಡುತ್ತಾರೆ. ಅಲ್ಲಿಂದ ನಿಮ್ಮ ಮನೆಗೆ ಇಳಿದು ಬರಲು ಮೆಟ್ಟಿಲಿಲ್ಲ. ನಿಮ್ಮಿಂದ ಅಪ್ಪ ಅಮ್ಮ, ಅವರಿಂದ ಅಜ್ಜ ಅಜ್ಜಿ, ಹೀಗೆ ಒಂದೊಂದೇ ತಲೆ ಹಿಂದೆ ಹೋಗಬೇಕು. ಪ್ರತಿ ತಲೆಗೂ ಒಂದು ಕಾಗದ ಅಥವಾ ಪರಸ್ಪರ ಮಾತಾಡಿಕೊಂಡಿರದ ಇಬ್ಬರು ಹಿರಿಯರ ನೆನಪು ಬೇಕು.

ಹಿರಿಯರ ಬಳಿ ‘ಯಾವ ಇಸವಿ’ ಎಂದು ಕೇಳಿದರೆ ಉತ್ತರ ಸಿಗುವುದು ಕಡಿಮೆ. ‘ಯಾವ ಸ್ವಾಮಿಗಳ ಪರ್ಯಾಯ’ ಎಂದು ಕೇಳಿ. ಪರ್ಯಾಯ ಎಂದರೆ ಉಡುಪಿಯ ಎಂಟು ಮಠಗಳಿಗೆ ಕೃಷ್ಣಪೂಜೆಯ ಎರಡೆರಡು ವರ್ಷದ ಸರದಿ. ಒಂದು ಮಠಕ್ಕೆ ಮತ್ತೆ ಸರದಿ ಬರುವುದು 16 ವರ್ಷಕ್ಕೆ. ಅವುಗಳಲ್ಲಿ ಪೇಜಾವರ ಮಠದ್ದು 1920, 1936, 1952, 1968ರ ಜನವರಿಯಲ್ಲಿ ಶುರುವಾದದ್ದು. ಜಾತಕದಲ್ಲಿ ಇರುವ ಸಂವತ್ಸರವಾದರೋ 60 ವರ್ಷಕ್ಕೊಮ್ಮೆ ಮರಳುತ್ತದೆ. ಬರೀ ‘ಧಾತು ಸಂವತ್ಸರ’ ಎಂದಿದ್ದರೆ ಅದು 1876–77 ಆಗಬಹುದು, 1936–37 ಆಗಬಹುದು, 1996–97 ಆಗಬಹುದು. ‘ಧಾತು, ಪೇಜಾವರ ಪರ್ಯಾಯ’ ಎಂದರೆ 1936 ಒಂದೇ ಹೊಂದುತ್ತದೆ. ಏಕೆಂದರೆ 16 ಮತ್ತು 60ರ ಚಕ್ರಗಳು ಒಟ್ಟಿಗೆ ಮೊದಲಿನ ಜಾಗಕ್ಕೆ ಬರುವುದು 240 ವರ್ಷಕ್ಕೊಮ್ಮೆ. ಗಣಿತದ ಪಾಠದಲ್ಲಿ ಲಘುತಮ ಸಾಮಾನ್ಯ ಅಪವರ್ತ್ಯ ಯಾಕಪ್ಪಾ ಎಂದು ಗೊಣಗಿದ್ದವರಿಗೆ ಇಲ್ಲಿ ಉಪಯೋಗಕ್ಕೆ ಬರುತ್ತದೆ! ನೆರೆಯ ನೆನಪೂ ಒಳ್ಳೆಯ ಗುರುತು. ಆದರೆ ನೇತ್ರಾವತಿ ನದಿಯ ದೊಡ್ಡ ಬೊಳ್ಳ (ಪ್ರವಾಹ) 1923ರಲ್ಲೂ ಬಂದಿದೆ, 1974ರಲ್ಲೂ ಬಂದಿದೆ. ಯಾವುದು ಎಂದು ಕೇಳಿಕೊಳ್ಳಿ.

ಸರಕಾರಿ ಕಾಗದದಲ್ಲಿ ಎದುರಾಗುವುದು ಫಸಲಿ, ಅಂದರೆ ಕಂದಾಯ ಲೆಕ್ಕದ ವರ್ಷ. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿದ್ದರಿಂದ ಅಲ್ಲಿನ ಲೆಕ್ಕವೇ ಇಲ್ಲಿಯೂ: ವರ್ಷ ಶುರುವಾಗುವುದು ಜುಲೈಯಲ್ಲಿ, ಫಸಲಿಗೆ 590 ಕೂಡಿಸಬೇಕು, ಜನವರಿಯಿಂದ ಜೂನ್ ನಡುವಿನ ತಾರೀಕಾದರೆ 591. ಫಸಲಿ 1310 ಎಂದರೆ 1900ರ ಜುಲೈಯಿಂದ 1901ರ ಜೂನ್. ಅದನ್ನೇ ಹಿಜರಿ ಎಂದು ತಿಳಿದರೆ 1892ಕ್ಕೆ ಹೋಗಿ ಬೀಳುತ್ತೀರಿ. ತಾಳೆ ನೋಡಲು ಸಂವತ್ಸರವಿದೆ: ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವುದು ಸಂವತ್ಸರದ ಕ್ರಮಸಂಖ್ಯೆ. ಶಕ 1822ಕ್ಕೆ ಉಳಿಯುವುದು 34, ಅಂದರೆ ಶಾರ್ವರಿ. ಅದು 1900ರ ಯುಗಾದಿಗೆ ಶುರು. ಆದರೆ ಶಾರ್ವರಿಯ ಮಾಯಿ ತಿಂಗಳು (ತುಳುವಿನ ಫೆಬ್ರವರಿ–ಮಾರ್ಚ್) ಎಂದಿದ್ದರೆ ಇಸವಿ 1901. ಒಂದು ವರ್ಷದ ತಪ್ಪು ಹೆಚ್ಚಾಗಿ ನುಸುಳುವುದು ಇಲ್ಲಿ.

ಕಾಗದ ಹುಡುಕಲು ಊರಿನ ಹೆಸರು ಮತ್ತು ಸರ್ವೆ ನಂಬ್ರ ಬೇಕು. ಇಂದಿನ ಪಹಣಿಯಿಂದ ಹಿಂದಕ್ಕೆ ನಡೆಯಿರಿ. ಒಕ್ಕಲು ಮನೆತನಗಳಿಗೆ ಬಂಗಾರದಂಥ ದಾಖಲೆ ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರದ ‘ಡಿಕ್ಲರೇಶನ್’ ಫೈಲು. ನಮೂನೆ 7ರ ಅರ್ಜಿ, ಭೂನ್ಯಾಯ ಮಂಡಳಿಯ ಮುಂದೆ ಧಣಿ ಮತ್ತು ಒಕ್ಕಲು ಕೊಟ್ಟ ಹೇಳಿಕೆ, ‘ನನ್ನ ಮಾವನ ಕಾಲದಿಂದ ಗೇಣಿ ಮಾಡುತ್ತಿದ್ದೇವೆ’ ಎಂಬಂಥ ಸಾಲು, ಕೆಲವೊಮ್ಮೆ ಹಳೆ ಗೇಣಿ ಚೀಟು ಕೂಡ ಇರುತ್ತದೆ. ಚಾಲಗೇಣಿ (ವರ್ಷ ವರ್ಷದ ಗೇಣಿ) ಹೆಚ್ಚಾಗಿ ಬಾಯಿಮಾತಿನದು ಅಥವಾ ಮನೆಯಲ್ಲೇ ಬರೆದಿಟ್ಟದ್ದು. ಅದಕ್ಕೇ ಆ ಮನೆತನಗಳು ಸಬ್ ರಿಜಿಸ್ಟ್ರಾರರ ಪುಸ್ತಕದಲ್ಲಿ ಕಾಣುವುದು ಅಪರೂಪ. ಮೂಲಗೇಣಿಯವರು (ಶಾಶ್ವತ ಗೇಣಿಯವರು) ಕಾಣುತ್ತಾರೆ. ಒಂದು ಎಚ್ಚರಿಕೆ: ಡಿಕ್ಲರೇಶನನ್ನು ಹಲವು ಕಡೆ ಒಬ್ಬರೇ ಎಲ್ಲರ ಪರವಾಗಿ ಕೊಟ್ಟಿದ್ದಾರೆ. ಹೆಸರಿಲ್ಲದ ತಂಗಿ ಇರಲೇ ಇಲ್ಲವೆಂದು ಬರೆದುಕೊಳ್ಳಬೇಡಿ.

ನೋಂದಣಿ ಕಚೇರಿಯಲ್ಲಿ ಒಂದನೇ ಪುಸ್ತಕ ಸ್ಥಿರಾಸ್ತಿಯದು. ಶುಲ್ಕ ಕಟ್ಟಿದ ಯಾರು ಬೇಕಾದರೂ ಅದನ್ನು ನೋಡಬಹುದು, ನಕಲು ಪಡೆಯಬಹುದು. ಮೂರನೇ ಪುಸ್ತಕದ ಮರಣಶಾಸನಗಳ ನಕಲು, ಬರೆದವರು ತೀರಿಕೊಂಡ ಮೇಲೆ ಕೇಳಿದವರಿಗೆಲ್ಲ ಸಿಗುತ್ತದೆ. ಆದರೆ ಒಮ್ಮೆಗೇ ನಾಲ್ಕು ತಲೆಮಾರು ತೋರಿಸುವುದು ಪಾಲಿನ ದಾವೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ (ಕುಟುಂಬದೊಳಗಿನ ಹೆಣ್ಣಿನ ಕಡೆಯ ಕವಲುಗಳಿಗೆ) ಪಾಲು ಕೇಳುವ ಹಕ್ಕು ಕೊಟ್ಟ ಮೇಲೆ ಮನೆಮನೆಗಳು ಕೋರ್ಟು ಹತ್ತಿದವು. ಫಿರ್ಯಾದಿನ ಜೊತೆ ಮೂಲ ಹೆಂಗಸಿನಿಂದ ಹಿಡಿದು ಇಡೀ ಕುಟುಂಬದ ವಂಶಾವಳಿ ಲಗತ್ತಾಗುತ್ತಿತ್ತು. ಜಗಳವಾಡಿದ ಹಿರಿಯರಿಗೆ ಒಂದು ನಮಸ್ಕಾರ ಸಲ್ಲಬೇಕು. ನಾಗಮೂಲ (ಕುಟುಂಬದ ಮೂಲ ನಾಗಬನ) ಹುಡುಕಲು ಜ್ಯೋತಿಷಿಗಳಲ್ಲಿ ಪ್ರಶ್ನೆಗೆ ಇಡುವವರು ಅದಕ್ಕೂ ಮೊದಲು ಈ ಫೈಲು ತೆಗೆಸಿ ನೋಡಿದರೆ ನಷ್ಟವಿಲ್ಲ. ಬನವಿರುವ ಜಾಗದ ಸರ್ವೆ ನಂಬ್ರವೇ ಅದರ ಷೆಡ್ಯೂಲಿನಲ್ಲಿ ಇರಬಹುದು.

ಗೋವೆಯಿಂದ ಬಂದವರ ದಾರಿ ಬೇರೆ. ಮಂಗಳೂರಿನ ರೊಸಾರಿಯೊ ಚರ್ಚು 1568ರದು, ಮಿಲಾಗ್ರಿಸ್ 1680ರದು. ಆದರೂ ಹೆಚ್ಚಿನ ಕ್ರೈಸ್ತ ಮನೆತನಗಳ ಜ್ಞಾನಸ್ನಾನದ ದಾಖಲೆ 1800ರ ಆಸುಪಾಸಿನಲ್ಲಿ ಕಡಿಯುತ್ತದೆ. 1784ರಲ್ಲಿ ಆ ಕ್ರೈಸ್ತರನ್ನು ಟಿಪ್ಪು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದು ಚರ್ಚುಗಳನ್ನು ಕೆಡವಿಸಿದ. ಉಳಿದವರು ಮರಳಿದ್ದು 1799ರ ನಂತರ. ಆಮೇಲಿನ ದಾಖಲೆ ಹುಡುಕುವಾಗ ಇಂದಿನ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಸಿಗದಿದ್ದರೆ ಅದು ಯಾವ ಹಳೆ ಇಗರ್ಜಿಯಿಂದ ಕವಲೊಡೆದದ್ದು ಎಂದು ಕೇಳಿ ಅಲ್ಲಿಗೆ ಹೋಗಬೇಕು. ಮಗುವಿನ ಹೊಣೆ ಹೊತ್ತು ನಿಂತವರ ಹೆಸರನ್ನೂ ಬರೆದುಕೊಳ್ಳಿ. ಅವರು ಹೆಚ್ಚಾಗಿ ಹತ್ತಿರದ ನೆಂಟರೇ.

ಗೌಡ ಸಾರಸ್ವತರು ಕುಲದೇವರ ಊರನ್ನೇ ಹಿರಿಯರ ಊರು ಎಂದು ತಿಳಿಯುವುದುಂಟು. ಮಂಗೇಶಿ, ಮಾರ್ದೊಳ, ಕವಳೆ, ರಾಮನಾಥಿ ಎಲ್ಲವೂ ಇಂದು ಪೋಂಡಾ ತಾಲೂಕಿನಲ್ಲಿವೆ. ಆದರೆ ಆ ದೇವರುಗಳೂ ವಲಸೆ ಬಂದವರೇ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಾವಳಿಗೆ ಮಂಗೇಶ ಕುಶಸ್ಥಳಿಯಿಂದ, ಮಹಾಲಸಾ ವೆರ್ಣೆಯಿಂದ, ಶಾಂತಾದುರ್ಗೆ ಕೆಳೋಶಿಯಿಂದ, ರಾಮನಾಥ ಲೊಟಲಿಯಿಂದ ನದಿ ದಾಟಿ ಬಂದದ್ದು. ಹುಡುಕಬೇಕಾದದ್ದು ಆ ಹಳೆ ಊರುಗಳ ಕಡೆ; ಊರಿನ ಹೆಸರು ಕೈಯಲ್ಲಿಲ್ಲದೆ ಪಣಜಿಯ ಪತ್ರಾಗಾರಕ್ಕೆ ಹೋದರೆ ಬಸ್ಸಿನ ಖರ್ಚೇ ಬಂತು.

ಕಾಗದ ಮುಗಿದಲ್ಲಿ ಡಿಎನ್‌ಎ ಇದೆಯಲ್ಲ ಎನ್ನುವವರಿಗೆ ಅದರ ಮಿತಿ ತಿಳಿದಿರಬೇಕು. ತಲೆಮಾರಿಗೆ 30 ವರ್ಷದಂತೆ 300 ವರ್ಷ ಹಿಂದೆ ನಿಮಗೆ ಲೆಕ್ಕದ ಪ್ರಕಾರ 1,024 ಹಿರಿಯರು. ವರ್ಣತಂತುಗಳು ಪ್ರತಿ ತಲೆಮಾರಿನಲ್ಲೂ ತುಂಡಾಗಿ ಕಲೆತು ಬರುವುದರಿಂದ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಒಂದು ಚೂರೂ ನಿಮ್ಮಲ್ಲಿ ಉಳಿದಿಲ್ಲ. ಜೊತೆಗೆ ನಮ್ಮಲ್ಲಿ ಸೋದರಿಕೆಯ ಮದುವೆ. ಸೋದರಮಾವನ ಮಗಳನ್ನು ಮದುವೆಯಾದವರ ಮಕ್ಕಳಿಗೆ ಮುತ್ತಜ್ಜ ಮುತ್ತಜ್ಜಿಯರು ಎಂಟಲ್ಲ, ಆರೇ. ಹೀಗೆ ಹಲವು ದಾರಿಯಲ್ಲಿ ನೆಂಟಸ್ತಿಕೆ ಇರುವವರನ್ನು ಪರೀಕ್ಷೆಯ ಕಂಪನಿಗಳು ಇರುವುದಕ್ಕಿಂತ ಹತ್ತಿರದವರೆಂದು ತೋರಿಸುತ್ತವೆ.

ಕಲೆಯದೆ ಬರುವ ಎಳೆಗಳು ಎರಡು. ಮೈಟೊಕಾಂಡ್ರಿಯದ 16,569 ಅಕ್ಷರಗಳ ಡಿಎನ್‌ಎ ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ, ಗಂಡುಮಕ್ಕಳಿಂದ ಮುಂದೆ ಹೋಗುವುದಿಲ್ಲ. ಬಂಟರ, ಬಿಲ್ಲವರ, ಮೊಗವೀರರ ‘ಬರಿ’ (ತಾಯಿಯ ಕಡೆಯ ಕುಲ) ಹರಿದು ಬರುವುದೂ ಹಾಗೆಯೇ! ವೈ ವರ್ಣತಂತು ಅಪ್ಪನಿಂದ ಮಗನಿಗೆ, ಗೋತ್ರದ ಹಾಗೆ. ದತ್ತು ಬಂದಲ್ಲಿ ಹೆಸರಿನ ಎಳೆಯೂ ರಕ್ತದ ಎಳೆಯೂ ಬೇರೆಯಾಗುತ್ತವೆ. ಮೈಟೊಕಾಂಡ್ರಿಯದ ಬದಲಾವಣೆ ತೀರಾ ನಿಧಾನ, ಸಾವಿರಾರು ವರ್ಷಕ್ಕೆ ಒಂದು. ಆದ್ದರಿಂದ ಇಬ್ಬರದು ಹಲವು ಅಕ್ಷರಗಳಲ್ಲಿ ಹೊಂದದಿದ್ದರೆ ಹತ್ತಿರದ ಕಾಲದಲ್ಲಿ ಒಂದೇ ತಾಯಿಯ ಎಳೆಯಲ್ಲ ಎಂದು ಧೈರ್ಯವಾಗಿ ಹೇಳಬಹುದು. ಹೊಂದಿದರೆ ಮೂಲಮನೆ ಒಂದೇ ಎಂದು ಹೇಳಲಾಗದು.

ಪರೀಕ್ಷೆಯ ಒಂದೇ ಕಿಟ್ಟಿಗೆ ಹಣವಿದ್ದರೆ ಸೋದರಮಾವನನ್ನು ಒಪ್ಪಿಸಿ. ಅಜ್ಜಿಯ ‘ಬರಿ’ಯ ಎಳೆ ಅವರಲ್ಲಿದೆ, ಜೊತೆಗೆ ನಿಮ್ಮಲ್ಲಿ ಎಂದೂ ಇರಲಾರದ, ತಾಯಿಯ ತಂದೆಯ ವೈ ಎಳೆಯೂ ಇದೆ. ಉಳಿದ ವರ್ಣತಂತುಗಳಲ್ಲೂ ಅವರು ನಿಮಗಿಂತ ಒಂದು ತಲೆಮಾರು ಹಿಂದೆ. ಎಲೆಅಡಿಕೆ ಹಾಕುವವರಾದರೆ ಚೆನ್ನಾಗಿ ಬಾಯಿ ಮುಕ್ಕಳಿಸಿ, ಆಮೇಲೆ ಅರ್ಧ ಗಂಟೆ ಏನೂ ತಿನ್ನದೆ ಕುಡಿಯದೆ ಕುಳಿತು ಜೊಲ್ಲು ಕೊಡಲಿ.