ಹೆಚ್ಚಾದ ಖರ್ಚು ಯಾರ ತಲೆಗೆ?

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಸಣ್ಣ ಕಾರ್ಖಾನೆಗಳ ವೆಚ್ಚದ ಲೆಕ್ಕ ಮತ್ತು ಟೆಂಡರ್ ಕಾಗದಪತ್ರ ನೋಡಿಕೊಳ್ಳುವುದು ನನ್ನ ವೃತ್ತಿ. ಟಿವಿಯಲ್ಲಿ ರಾಕೆಟ್ ಹಾರಿದ ದಿನ ಲೇತ್ ಮುಂದೆ ನಿಂತವರು ಕೇಳುವ ಪ್ರಶ್ನೆ ಒಂದೇ: ‘ಸರ್, ಇದರಾಗ ಎಷ್ಟು ಹೊಡದಿರಬೇಕ್ರಿ?’ ಸರ್ಕಾರಿ ಗುತ್ತಿಗೆ ಎಂದೊಡನೆ ಮೊದಲ ಮಳೆಗೆ ಕಿತ್ತುಹೋದ ಡಾಂಬರು ನೆನಪಾಗುವ ನಮ್ಮಲ್ಲಿ ಈ ಅನುಮಾನ ಸಹಜ. ಆದರೆ ದುಡ್ಡು ಹೆಚ್ಚಾಗಿ ಸೋರುವುದು ಕಳವಿನಲ್ಲಲ್ಲ, ಅಂದಾಜು ಮೀರಿದ ಖರ್ಚನ್ನು ಯಾರು ಹೊರಬೇಕೆಂದು ಹೇಳುವ ಕರಾರಿನ ಷರತ್ತಿನಲ್ಲಿ ಎಂಬುದು ನನ್ನ ಅನುಭವ.

ಮನೆ ಕಟ್ಟಿಸಿದವರಿಗೆ ಇದು ಗೊತ್ತು. ಸಾಮಾನು ಸಮೇತ ಚದರಡಿಗೆ ಇಷ್ಟೆಂದು ಮಾತಾಡಿದರೆ ಸಿಮೆಂಟಿನ ದರ ಏರಿದ ಭಾರ ಗುತ್ತಿಗೆದಾರನದು; ‘ಆದ ಖರ್ಚು ಕೊಡ್ರಿ, ಮ್ಯಾಲೆ ನನ್ನ ಪಗಾರ ಕೊಡ್ರಿ’ ಎಂದರೆ ಭಾರ ಮನೆಯ ಯಜಮಾನನದು. ಚಂದ್ರನತ್ತ ಮನುಷ್ಯರನ್ನು ಒಯ್ಯಲು ನಾಸಾ ಮಾಡಿಸಿದ ಎಸ್‌ಎಲ್‌ಎಸ್ ರಾಕೆಟ್ ಬಹುಪಾಲು ಈ ಎರಡನೆಯ ಬಗೆಯ ಗುತ್ತಿಗೆಯಲ್ಲಿ ತಯಾರಾಯಿತು. 2016ರ ಕೊನೆಗೆ ಸಿದ್ಧವಾಗಬೇಕಿದ್ದ ಅದು ಹಾರಿದ್ದು 2022ರ ನವೆಂಬರ್‌ನಲ್ಲಿ. ಅದನ್ನು ಬಳಸುವ ಚಂದ್ರಯಾನ ಯೋಜನೆಯಾದ ಆರ್ಟೆಮಿಸ್‌ನ ಮೊದಲ ನಾಲ್ಕು ಉಡಾವಣೆಗಳಿಗೆ ತಲಾ 410 ಕೋಟಿ ಡಾಲರ್ ತಗಲುತ್ತದೆಂದು ಲೆಕ್ಕ ಕೊಟ್ಟದ್ದು ನಾಸಾದ್ದೇ ಆಂತರಿಕ ತನಿಖಾ ಕಚೇರಿ. ಕೆಲಸ ವರ್ಷಗಟ್ಟಲೆ ಹಿಂದೆ ಬಿದ್ದಿದ್ದರೂ ‘ಉತ್ತಮ ಕೆಲಸ’ದ ಬಾಬ್ತು ಆ ರಾಕೆಟ್‌ನ ಮುಖ್ಯ ಗುತ್ತಿಗೆದಾರ ಬೋಯಿಂಗ್‌ಗೆ ಸಂದಾಯವಾದ ಸುಮಾರು 6.4 ಕೋಟಿ ಡಾಲರ್ ಶುಲ್ಕಕ್ಕೆ 2018ರಲ್ಲಿ ಆಕ್ಷೇಪ ಬರೆದದ್ದೂ ಅದೇ ಕಚೇರಿ.

ಹಾಗಾದರೆ ಎಲ್ಲಕ್ಕೂ ನಿಗದಿತ ದರ ಹಾಕಿದರಾಯಿತಲ್ಲ ಎನ್ನಬಹುದು. ನನ್ನ ಕಕ್ಷಿದಾರರೊಬ್ಬರು ಹಾಗೆಯೇ ದರ ಒಪ್ಪಿ ಬುಶ್‌ಗಳ ಜಾಬ್ ವರ್ಕ್ ಹಿಡಿದರು. ಮೈಕ್ರೋಮೀಟರ್ ಹಿಡಿದರೆ ಒಂದೂ ತಪ್ಪಿರಲಿಲ್ಲ. ಆದರೆ ಸರಳಿನ ತುದಿಗೆ ಪಂಚ್ ಮಾಡಿದ್ದ ಹೀಟ್ ನಂಬರಿಗೂ (ಲೋಹ ಯಾವ ಕುಲುಮೆ ಎರಕದ್ದೆಂದು ಹೇಳುವ ಸಂಖ್ಯೆ) ಟೆಸ್ಟ್ ಸರ್ಟಿಫಿಕೇಟಿನ ನಂಬರಿಗೂ ತಾಳೆಯಾಗದೆ ಇಡೀ ಲಾಟ್ ವಾಪಸ್ ಬಂತು. ಅವರು ದರ ಹಾಕಿದ್ದು ಕಬ್ಬಿಣಕ್ಕೆ ಮತ್ತು ತಿರುವುವ ಕೂಲಿಗೆ, ಕಾಗದಕ್ಕಲ್ಲ. ನಿಗದಿತ ದರದ ಈ ಪೆಟ್ಟು ದೊಡ್ಡವರಿಗೂ ತಪ್ಪಿಲ್ಲ. ಗಗನಯಾತ್ರಿಗಳನ್ನು ಬಾಹ್ಯಾಕಾಶ ನಿಲ್ದಾಣಕ್ಕೆ ಒಯ್ಯಲು ನಾಸಾ 2014ರಲ್ಲಿ ನಿಗದಿತ ದರಕ್ಕೆ ಬೋಯಿಂಗ್‌ಗೆ 420 ಕೋಟಿ, ಸ್ಪೇಸ್‌ಎಕ್ಸ್‌ಗೆ 260 ಕೋಟಿ ಡಾಲರ್‌ಗಳ ಗುತ್ತಿಗೆ ಕೊಟ್ಟಿತು. ಕಡಿಮೆ ಪಡೆದವರು 2020ರಿಂದಲೇ ಜನರನ್ನು ಒಯ್ಯುತ್ತಿದ್ದಾರೆ, ಬೋಯಿಂಗ್ ತನ್ನ ಸ್ಟಾರ್‌ಲೈನರ್ ನೌಕೆಯಲ್ಲಿ 150 ಕೋಟಿ ಡಾಲರ್‌ಗೂ ಮಿಕ್ಕಿ ಕೈಯಿಂದ ಕಳೆದುಕೊಂಡಿತು. ತೆರಿಗೆದಾರನ ಜೇಬು ಬಹುಮಟ್ಟಿಗೆ ಉಳಿಯಿತು, ಆದರೆ 2024ರ ಜೂನ್‌ನಲ್ಲಿ ಅದರಲ್ಲೇ ಹೋದ ಸುನೀತಾ ವಿಲಿಯಮ್ಸ್ ಮರಳಿದ್ದು ಮರುವರ್ಷದ ಮಾರ್ಚ್‌ನಲ್ಲಿ, ಸ್ಪೇಸ್‌ಎಕ್ಸ್‌ನ ನೌಕೆಯಲ್ಲಿ.

ನಕ್ಷೆ ಪಕ್ಕಾ ಆದ ಸಾಮಾನಿಗೆ ನಿಗದಿತ ದರ ಸರಿ. 1993ರಿಂದ ಹಾರುತ್ತಿರುವ ನಮ್ಮ ಇಸ್ರೋದ ಪಿಎಸ್‌ಎಲ್‌ವಿಯ ಐದು ರಾಕೆಟ್‌ಗಳನ್ನು 2022ರಲ್ಲಿ ಎಚ್‌ಎಎಲ್ ಮತ್ತು ಎಲ್ ಆ್ಯಂಡ್ ಟಿ ಕೂಟಕ್ಕೆ ಸುಮಾರು 860 ಕೋಟಿ ರೂಪಾಯಿಗೆ ವಹಿಸಿದ್ದನ್ನು ನಾನು ಹಾಗೆಯೇ ನೋಡುತ್ತೇನೆ. ನಕ್ಷೆಯೇ ಇನ್ನೂ ಬದಲಾಗುತ್ತಿರುವ ಕೆಲಸಕ್ಕೆ ದರ ಕೇಳಿದರೆ, ಪ್ರಾಮಾಣಿಕ ಗುತ್ತಿಗೆದಾರ ದುಪ್ಪಟ್ಟು ಹೇಳುತ್ತಾನೆ, ಇಲ್ಲವೆ ಮುಳುಗುತ್ತಾನೆ.

ನಮ್ಮಲ್ಲಿ ಅನುಮಾನಕ್ಕೆ ನಿಜವಾದ ಆಸ್ಪದ ಕೊಟ್ಟದ್ದು ದರವಲ್ಲ, ಮರೆಮಾಡಿದ ಕಾಗದ. ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಸಂಸ್ಥೆ, ಉಪಗ್ರಹದ ಸಾಮರ್ಥ್ಯವನ್ನು ಗುತ್ತಿಗೆ ಕೊಡಲು ಬೆಂಗಳೂರಿನ ಖಾಸಗಿ ಕಂಪನಿ ದೇವಾಸ್‌ನೊಂದಿಗೆ 2005ರ ಜನವರಿಯಲ್ಲಿ ಸಹಿ ಹಾಕಿದ ಒಪ್ಪಂದದ ಪ್ರಸ್ತಾಪ, ಅದೇ ಉಪಗ್ರಹಕ್ಕೆ ಹಣ ಕೇಳಿ ಕೇಂದ್ರ ಸಂಪುಟಕ್ಕೆ ಹೋದ ಟಿಪ್ಪಣಿಯಲ್ಲಿ ಇರಲೇ ಇಲ್ಲ. 2011ರಲ್ಲಿ ಒಪ್ಪಂದ ರದ್ದಾಯಿತು. 2015ರಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಪಂಚಾಯ್ತಿ (ಆರ್ಬಿಟ್ರೇಷನ್) 56 ಕೋಟಿ ಡಾಲರ್‌ಗೂ ಹೆಚ್ಚಿನ ಪರಿಹಾರವನ್ನು ಆಂಟ್ರಿಕ್ಸ್ ತಲೆಗೆ ಕಟ್ಟಿತು. ದೇವಾಸ್ ವ್ಯವಹಾರವೇ ವಂಚನೆಯೆಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2022ರಲ್ಲಿ, ಸಹಿ ಬಿದ್ದು ಹತ್ತಿರಹತ್ತಿರ 17 ವರ್ಷಗಳಿಗೆ.